ವಿದೇಶಿ ಪೊಟ್ಟಣದ ಮೇಲೆ ಆಮದುದಾರನ ವಿಳಾಸ ಇಲ್ಲದಿದ್ದರೆ

ಪ್ರಶ್ನೆ: ನಾನು ಹುಬ್ಬಳ್ಳಿಯ ವಿದ್ಯಾನಗರದಲ್ಲಿರುವ ನಿವೃತ್ತ ಶಿಕ್ಷಕಿ. ಕಳೆದ ತಿಂಗಳು ಮೊಮ್ಮಕ್ಕಳಿಗೆಂದು ಪೇಟೆಯ ಒಂದು ಅಂಗಡಿಯಲ್ಲಿ ವಿದೇಶಿ ಚಾಕೊಲೇಟಿನ ಡಬ್ಬಿ ಕೊಂಡೆ. ಮೇಲೆ ಅರಬ್ಬಿ ಮತ್ತು ಇಂಗ್ಲಿಷ್ ಬರಹವಿದೆ, ರೂಪಾಯಿಯ ಬೆಲೆ ಅಚ್ಚಾಗಿಲ್ಲ, ಭಾರತದ ಯಾವ ವಿಳಾಸವೂ ಇಲ್ಲ. ಅಂಗಡಿಯವರು "ದುಬೈ ಮಾಲು, ಒರಿಜಿನಲ್" ಎಂದರು. ನಮ್ಮ ಯಜಮಾನರು, ಹೊರದೇಶದವರು ತಮಗೆ ಬೇಡವಾದದ್ದನ್ನೇ ನಮಗೆ ಸಾಗಹಾಕುತ್ತಾರೆ ಎನ್ನುತ್ತಾರೆ. ಮಗಳು, ಅಲ್ಲಿಯ ನಿಯಮ ಬಿಗಿ, ಹಾಗಾಗಿ ಅದೇ ಹೆಚ್ಚು ಶುದ್ಧ ಎನ್ನುತ್ತಾಳೆ. ಮಿಂಚುವ ಸೇಬು, ಚೀನಾ ಬೆಳ್ಳುಳ್ಳಿ, ಕೊರಿಯಾದ ನೂಡಲ್ಸ್ ಬಗ್ಗೆಯೂ ವಾಟ್ಸ್ಯಾಪಿನಲ್ಲಿ ಏನೇನೋ ಬರುತ್ತಿರುತ್ತದೆ. ನಮ್ಮಂಥವರು ಏನನ್ನು ನೋಡಿ ನಂಬಬೇಕು? ಈ ಡಬ್ಬಿಯನ್ನು ಮಕ್ಕಳಿಗೆ ಕೊಡಬಹುದೇ?

ಉತ್ತರ: ನಿಮ್ಮ ಯಜಮಾನರ ಮಾತಿನಲ್ಲೂ ಮಗಳ ಮಾತಿನಲ್ಲೂ ಅರ್ಧರ್ಧ ಸತ್ಯವಿದೆ. ಆದರೆ ಇಬ್ಬರೂ ಲೆಕ್ಕ ಹಾಕುತ್ತಿರುವುದು ಸರಕು ಯಾವ ದೇಶದ್ದು ಎಂಬುದರಿಂದ. ಬಹಳ ವರ್ಷ ಧಾರವಾಡದಲ್ಲಿ ಆಹಾರ ಪರೀಕ್ಷೆಯ ಪಾಠ ಹೇಳಿದ ನಾನು ಅಂಗಡಿಯಲ್ಲಿ ಇಂಥ ಪೊಟ್ಟಣವನ್ನು ಕೈಗೆತ್ತಿಕೊಂಡರೆ, ಅದಕ್ಕೆ ಭಾರತದಲ್ಲಿ ಹೊಣೆ ಹೊತ್ತವರು ಯಾರು ಎಂಬುದನ್ನು ಮೊದಲು ಹುಡುಕುತ್ತೇನೆ. ಆ ಹೆಸರು ಮತ್ತು ವಿಳಾಸ ಸಿಕ್ಕರೆ ಉಳಿದ ಪ್ರಶ್ನೆಗಳನ್ನು ಕೇಳುವುದಕ್ಕೆ ಒಬ್ಬರಿದ್ದಾರೆ ಎಂದಾಯಿತು. ಸಿಗದಿದ್ದರೆ ಆ ತಿನಿಸು ಸ್ವಿಟ್ಜರ್ಲೆಂಡಿನದೇ ಆದರೂ ಕೆಳಗಿಡುತ್ತೇನೆ.

ಕಾರಣ ಹೇಳುವ ಮೊದಲು ನಿಮ್ಮ ಪತ್ರದಲ್ಲಿಲ್ಲದ ಒಂದು ಸಂಗತಿಯನ್ನು ಸೇರಿಸುತ್ತೇನೆ. ವಿದೇಶಿ ಆಹಾರ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಚಾಕೊಲೇಟು, ಸೇಬು, ಖರ್ಜೂರ. ನಿಮ್ಮ ಅಡುಗೆಮನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ತೂಕದ ವಿದೇಶಿ ಪದಾರ್ಥ ಬಹುಶಃ ಎಣ್ಣೆಯೇ ಆಗಿರುತ್ತದೆ. ಭಾರತ ಬಳಸುವ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದ ಬರುತ್ತದೆ: ತಾಳೆ ಎಣ್ಣೆ ಇಂಡೋನೇಷ್ಯಾ ಮತ್ತು ಮಲೇಷ್ಯಾದಿಂದ, ಸೂರ್ಯಕಾಂತಿ ಎಣ್ಣೆ ಹೆಚ್ಚಾಗಿ ರಷ್ಯಾ ಮತ್ತು ಉಕ್ರೇನಿನಿಂದ, ಸೋಯಾ ಎಣ್ಣೆ ಅರ್ಜೆಂಟೀನಾ ಕಡೆಯಿಂದ. ಎರಡನೆಯದು ಬೇಳೆ. ತೊಗರಿ ಮ್ಯಾನ್ಮಾರ್, ಮೊಜಾಂಬಿಕ್, ತಾಂಜಾನಿಯಾಗಳಿಂದಲೂ, ಮಸೂರ ಕೆನಡಾ ಮತ್ತು ಆಸ್ಟ್ರೇಲಿಯಾಗಳಿಂದಲೂ ಬರುತ್ತದೆ. ಕಿರಾಣಿ ಅಂಗಡಿಯ ಚೀಲದಿಂದ ತೂಗಿ ಕೊಡುವ ತೊಗರಿಬೇಳೆ ಕಲಬುರಗಿಯದೋ ಆಫ್ರಿಕಾದ್ದೋ ಎಂದು ತಿಳಿಯುವ ಗುರುತು ನಿಮಗೂ ಇಲ್ಲ, ಬಹಳ ಸಲ ಅಂಗಡಿಯವರಿಗೂ ಇಲ್ಲ.

ಈ ಬೇಳೆಯ ಬಗ್ಗೆ ಕೇಳಿಬರುವ ಆತಂಕಕ್ಕೆ ಸ್ವಲ್ಪ ಆಧಾರವಿದೆ. ಕೆನಡಾದಲ್ಲಿ ಮಸೂರದ ಬೆಳೆ ಒಂದೇ ಸಮನೆ ಒಣಗಲಿ ಎಂದು ಕೊಯ್ಲಿಗೆ ಮುಂಚೆ ಗ್ಲೈಫೊಸೇಟ್ ಎಂಬ ಕಳೆನಾಶಕವನ್ನು ಸಿಂಪಡಿಸುವ ಪದ್ಧತಿಯಿದೆ. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಆಮದು ಬೇಳೆಗಳಲ್ಲಿ ಇದರ ಉಳಿಕೆಯ ಮೇಲೆ ಕಣ್ಣಿಡಲು ಸೂಚಿಸಿ, ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡದ ಮಿತಿಯನ್ನೇ ಅನುಸರಿಸಲು ಹೇಳಿತು. ಮಸೂರಕ್ಕೆ ಆ ಮಿತಿ ಕಿಲೋಗೆ 5 ಮಿಲಿಗ್ರಾಂ. ಇದನ್ನು ಮನೆಯಲ್ಲಿ ಪರೀಕ್ಷಿಸುವ ಉಪಾಯವಿಲ್ಲ. ಪೊಟ್ಟಣದ ಬೇಳೆಯನ್ನು, ಅದರಲ್ಲೂ ಮೂಲ ದೇಶವನ್ನು ಬರೆದಿರುವುದನ್ನು ಕೊಳ್ಳುವುದಷ್ಟೇ ಗ್ರಾಹಕರ ಕೈಯಲ್ಲಿರುವುದು. ಎಣ್ಣೆಯ ವಿಷಯದಲ್ಲಿ ನನಗೆ ಬಂದರಿಗಿಂತ ಬಾಣಲೆಯ ಚಿಂತೆ ಹೆಚ್ಚು. ಕರಿದ ಎಣ್ಣೆಯಲ್ಲಿ ಒಟ್ಟು ಧ್ರುವೀಯ ಸಂಯುಕ್ತಗಳು (ಎಣ್ಣೆ ಮತ್ತೆ ಮತ್ತೆ ಕಾದು ಕೆಟ್ಟಾಗ ಹುಟ್ಟುವ ಪದಾರ್ಥಗಳು) ಶೇಕಡಾ 25ನ್ನು ಮೀರಿದರೆ ಅದನ್ನು ಮತ್ತೆ ಬಳಸಕೂಡದೆಂಬ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ, ಆದರೆ ಸಂಜೆಯ ಮಿರ್ಚಿ ಭಜಿಯ ಬಂಡಿಯ ಮುಂದೆ ನಿಂತಾಗ ನಾವು ಯಾರೂ, ನಾನೂ ಸೇರಿ, ಎಣ್ಣೆಯ ಬಣ್ಣ ನೋಡಿ ಹಿಂದೆ ಸರಿಯುವುದಿಲ್ಲ.

ಈಗ ಡಬ್ಬಿಗೆ ಬರೋಣ. ಕಾನೂನಿನ ದಾರಿಯಲ್ಲಿ ಬರುವ ವಿದೇಶಿ ತಿನಿಸು ಹೇಗೆ ಬರುತ್ತದೆ ಎಂಬುದು ತಿಳಿದರೆ, ಆ ದಾರಿಯಲ್ಲಿ ಬಾರದೆ ಇದ್ದದ್ದು ತಾನಾಗಿ ಕಾಣುತ್ತದೆ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 25ನೇ ಕಲಮು ಅಸುರಕ್ಷಿತ, ಕಳಪೆ ಮತ್ತು ತಪ್ಪು ಲೇಬಲಿನ ಆಹಾರದ ಆಮದನ್ನು ನಿಷೇಧಿಸುತ್ತದೆ. ವಿವರಗಳು 2017ರ ಆಮದು ನಿಯಮಾವಳಿಯಲ್ಲಿವೆ. ಆಮದುದಾರ ಪ್ರಾಧಿಕಾರದ ಕೇಂದ್ರ ಪರವಾನಗಿ ಪಡೆದಿರಬೇಕು. ಸರಕು ಮುಂಬಯಿ ಪಕ್ಕದ ನ್ಹಾವಾ ಶೇವಾದಂಥ ಬಂದರಿನಲ್ಲಿ ಇಳಿದಾಗ ಅಧಿಕಾರಿ ಕಾಗದಪತ್ರಗಳನ್ನು, ಪೊಟ್ಟಣವನ್ನು, ಲೇಬಲನ್ನು ನೋಡುತ್ತಾರೆ. ಅಪಾಯದ ಅಂದಾಜಿನ ಮೇಲೆ ಆಯ್ದ ಸರಕಿನ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ. ಪ್ರತಿಯೊಂದು ಪೆಟ್ಟಿಗೆಯೂ ಪರೀಕ್ಷೆಗೆ ಹೋಗುತ್ತದೆಂದು ತಿಳಿಯಬೇಡಿ. ಯಾವ ದೇಶದಲ್ಲಿಯೂ ಅದು ಸಾಧ್ಯವಿಲ್ಲ. ಪರೀಕ್ಷೆಯಲ್ಲಿ ಪಾಸಾದರೆ ನಿರಾಕ್ಷೇಪಣಾ ಪತ್ರ, ಆಗದಿದ್ದರೆ ಸರಕು ವಾಪಸು ಇಲ್ಲವೆ ನಾಶ.

ನಿಮ್ಮ ಯಜಮಾನರ ಅನುಮಾನಕ್ಕೆ ಉತ್ತರವೂ ಇದೇ ನಿಯಮಾವಳಿಯಲ್ಲಿದೆ. ಅವಧಿ ಮುಗಿಯುತ್ತ ಬಂದ ಸರಕನ್ನು ಅಗ್ಗವಾಗಿ ಕೊಂಡು ಇಲ್ಲಿ ಸುರಿಯುವ ವ್ಯಾಪಾರ ಹಿಂದೆ ಇದ್ದದ್ದು ಸುಳ್ಳಲ್ಲ, ಅದನ್ನು ತಡೆಯುವುದಕ್ಕೇ ಒಂದು ಷರತ್ತನ್ನು ಇಟ್ಟಿದ್ದಾರೆ. ಆಮದಿನ ಹೊತ್ತಿಗೆ ಒಟ್ಟು ಬಾಳಿಕೆಯ ಅವಧಿಯಲ್ಲಿ ಕನಿಷ್ಠ ಶೇಕಡಾ 60 ಉಳಿದಿರಬೇಕು, ಅಥವಾ ಅವಧಿ ಮುಗಿಯಲು ಮೂರು ತಿಂಗಳಾದರೂ ಇರಬೇಕು. ಎರಡರಲ್ಲಿ ಯಾವುದು ಕಡಿಮೆಯೋ ಅದು ಸಾಕು. ಒಂದು ವರ್ಷ ಬಾಳುವ ಚಾಕೊಲೇಟಿಗೆ ಇದರ ಅರ್ಥ ಮೂರು ತಿಂಗಳು. ಅಲ್ಲಿಂದ ಮುಂಬಯಿಯ ಗೋದಾಮು, ನಂತರ ಹುಬ್ಬಳ್ಳಿಯ ಸಗಟು ಅಂಗಡಿ, ನಂತರ ಬಿಡಿ ಅಂಗಡಿ ಎಂದು ಸಾಗುವಷ್ಟರಲ್ಲಿ ಎರಡು ತಿಂಗಳು ಕಳೆದಿರುತ್ತವೆ. 'ಒಂದಕ್ಕೆ ಒಂದು ಉಚಿತ' ಎಂಬ ಬೋರ್ಡಿನ ಕೆಳಗೆ ವಿದೇಶಿ ಬಿಸ್ಕತ್ತು ಕಂಡರೆ ನಾನು ಬೆಲೆಗಿಂತ ಮೊದಲು ದಿನಾಂಕ ನೋಡುವುದು ಇದಕ್ಕಾಗಿ.

ಲೇಬಲಿನ ಮೇಲೆ ಏನೇನಿರಬೇಕು ಎಂಬುದನ್ನು ನನಗೇ ಆದ ಒಂದು ಅನುಭವದಿಂದ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಧಾರವಾಡದ ಒಂದು ಅಂಗಡಿಯಲ್ಲಿ ವೇಫರ್ ಬಿಸ್ಕತ್ತಿನ ಪೊಟ್ಟಣವೊಂದನ್ನು ಕೊಂಡಿದ್ದೆ. ಹಿಂಬದಿಯಲ್ಲಿ ಬಿಳಿ ಸ್ಟಿಕ್ಕರ್ ಅಂಟಿಸಿದ್ದರು. ಅದರಲ್ಲಿ ಆಮದುದಾರನ ಹೆಸರು, ಮುಂಬಯಿಯ ವಿಳಾಸ, ಎಂಆರ್‌ಪಿ, ಹದಿನಾಲ್ಕು ಅಂಕಿಗಳ ಪರವಾನಗಿ ಸಂಖ್ಯೆ, ಹಸಿರು ಚುಕ್ಕಿ, ಎಲ್ಲವೂ ಇದ್ದವು. ಮನೆಗೆ ಬಂದು ನೋಡುವಾಗ ಸ್ಟಿಕ್ಕರಿನ ಒಂದು ಮೂಲೆ ಎದ್ದಿತ್ತು. ಉಗುರಿನಿಂದ ಮೆಲ್ಲಗೆ ಎಬ್ಬಿಸಿದೆ. ಕೆಳಗೆ ತಯಾರಕರೇ ಅಚ್ಚು ಮಾಡಿದ ದಿನಾಂಕವಿತ್ತು, ಸ್ಟಿಕ್ಕರಿನ ಮೇಲಿದ್ದ ದಿನಾಂಕಕ್ಕಿಂತ ಐದು ತಿಂಗಳು ಹಿಂದಿನದು. ಬಂದರಿನ ಸುಂಕದ ಗೋದಾಮಿನಲ್ಲಿ ಸ್ಟಿಕ್ಕರ್ ಅಂಟಿಸುವುದು ಅಪರಾಧವಲ್ಲ. ಆಮದುದಾರನ ಹೆಸರು ಮತ್ತು ವಿಳಾಸ, ಪ್ರಾಧಿಕಾರದ ಲಾಂಛನ ಮತ್ತು ಪರವಾನಗಿ ಸಂಖ್ಯೆ, ಸಸ್ಯಾಹಾರ ಅಥವಾ ಮಾಂಸಾಹಾರದ ಗುರುತು ಇಂಥವನ್ನು ಹಾಗೆ ಸೇರಿಸಲು ನಿಯಮವೇ ಅವಕಾಶ ಕೊಟ್ಟಿದೆ. ಆದರೆ ತಯಾರಿಕೆಯ ದಿನಾಂಕ, ಅವಧಿ ಮುಗಿಯುವ ದಿನಾಂಕ ಮತ್ತು ಬ್ಯಾಚ್ ನಂಬರನ್ನು ಸ್ಟಿಕ್ಕರಿನಿಂದ ತಿದ್ದುವ ಹಾಗಿಲ್ಲ. ಅವು ತಯಾರಕರ ಅಚ್ಚಿನಲ್ಲೇ ಇರಬೇಕು. ಆದ್ದರಿಂದ ಸ್ಟಿಕ್ಕರ್ ಇದೆಯೇ ಎಂಬುದರ ಜೊತೆಗೆ ಅದು ಏನನ್ನು ಮುಚ್ಚಿದೆ ಎಂಬುದನ್ನೂ ನೋಡಿ. ಅಂದಹಾಗೆ, ಈ ವಿವರಗಳೆಲ್ಲ ಇಂಗ್ಲಿಷಿನಲ್ಲಿ ಅಥವಾ ದೇವನಾಗರಿ ಲಿಪಿಯ ಹಿಂದಿಯಲ್ಲಿ ಇದ್ದರೆ ಕಾನೂನಿಗೆ ಸಾಕು. ಕನ್ನಡ ಹಾಕಿದರೆ ಬೇಡ ಎನ್ನುವವರಿಲ್ಲ, ಹಾಕಲೇಬೇಕು ಎನ್ನುವವರೂ ಇಲ್ಲ; ಕನ್ನಡವೊಂದನ್ನೇ ಓದಬಲ್ಲ ಮನೆಯವರಿಗೆ ಈ ಇಡೀ ರಕ್ಷಣೆ ಅಷ್ಟರಮಟ್ಟಿಗೆ ಅರ್ಧವೇ.

ದಿನಾಂಕದ ಇನ್ನೊಂದು ತೊಡಕು ಬರೆಯುವ ಕ್ರಮದ್ದು. ಅಮೆರಿಕದವರು ತಿಂಗಳನ್ನು ಮೊದಲು ಬರೆಯುತ್ತಾರೆ. 04/09 ಎಂದು ಅಚ್ಚಾಗಿದ್ದರೆ ಅವರ ಪ್ರಕಾರ ಅದು ಏಪ್ರಿಲ್ ಒಂಬತ್ತು, ನಾವು ಓದುವುದು ಸೆಪ್ಟೆಂಬರ್ ನಾಲ್ಕು. ಐದು ತಿಂಗಳ ವ್ಯತ್ಯಾಸ! ತಯಾರಿಕೆಯ ದಿನಾಂಕ ಪಕ್ಕದಲ್ಲಿದ್ದು ಅದರಲ್ಲಿ 12ಕ್ಕಿಂತ ದೊಡ್ಡ ಅಂಕಿ ಎಲ್ಲಿದೆ ಎಂದು ನೋಡಿದರೆ ಕ್ರಮ ಗೊತ್ತಾಗುತ್ತದೆ. 'ಬೆಸ್ಟ್ ಬಿಫೋರ್' ಎಂದರೆ ಅಷ್ಟರವರೆಗೆ ರುಚಿ ಮತ್ತು ಗುಣ ಚೆನ್ನಾಗಿರುತ್ತದೆ ಎಂಬ ಭರವಸೆ. 'ಯೂಸ್ ಬೈ' ಅಥವಾ 'ಎಕ್ಸ್‌ಪೈರಿ' ಎಂದರೆ ಅದರ ನಂತರ ತಿನ್ನಬಾರದು, ಮಾರಲೂಬಾರದು.

ನಮ್ಮ ಕಡೆಯ ಶುದ್ಧ ಸಸ್ಯಾಹಾರಿ ಮನೆಗಳಿಗೆ ಹಸಿರು ಚುಕ್ಕಿಯ ಪ್ರಶ್ನೆ ಸುರಕ್ಷತೆಯಷ್ಟೇ ದೊಡ್ಡದು. ಆಮದುದಾರನ ಮೂಲಕ ಬಾರದ ಪೊಟ್ಟಣದ ಮೇಲೆ ಈ ಗುರುತು ಇರುವುದಿಲ್ಲ, ಏಕೆಂದರೆ ಬಹುಪಾಲು ದೇಶಗಳಲ್ಲಿ ಅದು ಕಡ್ಡಾಯವಲ್ಲ. ಆಗ ಪದಾರ್ಥಗಳ ಪಟ್ಟಿಯಲ್ಲಿರುವ ಸಂಖ್ಯೆಗಳನ್ನು ಓದಬೇಕಾಗುತ್ತದೆ. ಇ120 ಎಂದಿದ್ದರೆ ಅದು ಕೊಚಿನೀಲ್ ಎಂಬ ಕೀಟವನ್ನು ಒಣಗಿಸಿ ತೆಗೆದ ಕೆಂಪು ಬಣ್ಣ. ಮೆತ್ತನೆಯ ಜೆಲ್ಲಿ ಮಿಠಾಯಿಯಲ್ಲಿ ಜೆಲಾಟಿನ್ ಎಂದಿದ್ದರೆ ಅದು ಪ್ರಾಣಿಯ ಚರ್ಮ ಮತ್ತು ಮೂಳೆಯಿಂದ ಬಂದದ್ದು. ಇ471 ಎಂಬ ಎಮಲ್ಸಿಫೈಯರ್ (ಎಣ್ಣೆ ಮತ್ತು ನೀರು ಬೇರೆಯಾಗದಂತೆ ಹಿಡಿದಿಡುವ ಪದಾರ್ಥ) ಸಸ್ಯದ ಕೊಬ್ಬಿನಿಂದಲೂ ಆಗುತ್ತದೆ, ಪ್ರಾಣಿಯ ಕೊಬ್ಬಿನಿಂದಲೂ ಆಗುತ್ತದೆ, ಸಂಖ್ಯೆಯೊಂದರಿಂದಲೇ ಹೇಳಲಾಗದು. ಮಕ್ಕಳಿಗೆ ಶೇಂಗಾ ಅಥವಾ ಗೋಡಂಬಿಯ ಅಲರ್ಜಿ ಇದ್ದ ಮನೆಯಲ್ಲಂತೂ ಓದಲು ಬಾರದ ಭಾಷೆಯ ಪೊಟ್ಟಣವನ್ನು ಒಳಗೆ ತರಲೇಬಾರದು.

ಹೊರದೇಶದ್ದೇ ಹೆಚ್ಚು ಶುದ್ಧ ಎಂಬ ನಿಮ್ಮ ಮಗಳ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು, ಏಕೆಂದರೆ 'ಹೊರದೇಶ' ಎಂಬ ಒಂದು ನಿಯಮವಿಲ್ಲ. ಬ್ರೆಡ್ಡಿಗೆ ಹಾಕುತ್ತಿದ್ದ ಪೊಟ್ಯಾಸಿಯಂ ಬ್ರೋಮೇಟನ್ನು ಭಾರತ 2016ರಲ್ಲಿ ಕೈಬಿಟ್ಟಿತು, ಆ ಹೊತ್ತಿಗೆ ಅಮೆರಿಕದಲ್ಲಿ ಅದಕ್ಕೆ ಅನುಮತಿ ಇತ್ತು. ಮಿಠಾಯಿಯನ್ನು ಬೆಳ್ಳಗೆ ಕಾಣಿಸುವ ಟೈಟಾನಿಯಂ ಡೈಆಕ್ಸೈಡನ್ನು ಯುರೋಪಿಯನ್ ಒಕ್ಕೂಟ 2022ರಲ್ಲಿ ನಿಷೇಧಿಸಿತು. 2008ರಲ್ಲಿ ಚೀನಾದಲ್ಲಿ ಹಾಲಿಗೆ ನೀರು ಬೆರೆಸಿ, ಪ್ರೋಟೀನಿನ ಅಂಕಿ ಕುಸಿಯದಿರಲೆಂದು ಮೆಲಮೈನ್ ಎಂಬ ಕೈಗಾರಿಕಾ ರಾಸಾಯನಿಕವನ್ನು ಸೇರಿಸಿದ್ದರು. ಹಾಲಿನ ಪ್ರೋಟೀನನ್ನು ಸಾಮಾನ್ಯವಾಗಿ ಅಳೆಯುವುದು ಸಾರಜನಕದ ಲೆಕ್ಕದಿಂದ. ಮೆಲಮೈನಿನ ತೂಕದಲ್ಲಿ ಮೂರನೇ ಎರಡು ಭಾಗ ಸಾರಜನಕವೇ ಆದ್ದರಿಂದ ಯಂತ್ರ ಮೋಸಹೋಯಿತು. ಸುಮಾರು 3 ಲಕ್ಷ ಮಕ್ಕಳು ಕಾಯಿಲೆ ಬಿದ್ದರು, ಆರು ಹಸುಳೆಗಳು ಸತ್ತವು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಭಾರತ ಚೀನಾದ ಹಾಲು ಮತ್ತು ಹಾಲಿನ ಉತ್ಪನ್ನಗಳನ್ನು ನಿಷೇಧಿಸಿ, ಆ ನಿಷೇಧವನ್ನು ಮತ್ತೆ ಮತ್ತೆ ಮುಂದುವರಿಸಿತು.

ಚಾಕೊಲೇಟಿಗೇ ಸಂಬಂಧಿಸಿದ ಉದಾಹರಣೆ ಬೆಲ್ಜಿಯಂನದು. ಬೆಲ್ಜಿಯಂ ಚಾಕೊಲೇಟೆಂದರೆ ಉತ್ತಮೋತ್ತಮ ಎಂದೇ ಲೋಕದ ಎಣಿಕೆ. 2022ರ ಏಪ್ರಿಲಿನಲ್ಲಿ ಅಲ್ಲಿಯ ಆರ್ಲಾನ್ ಊರಿನ ಒಂದು ದೊಡ್ಡ ಕಾರ್ಖಾನೆಯನ್ನು ಸರ್ಕಾರ ಮುಚ್ಚಿಸಿತು, ಏಕೆಂದರೆ ಅಲ್ಲಿಂದ ಹೊರಟ ಚಾಕೊಲೇಟಿನಿಂದ ಹತ್ತಕ್ಕೂ ಹೆಚ್ಚು ದೇಶಗಳಲ್ಲಿ ಸಾಲ್ಮೊನೆಲ್ಲಾ ಸೋಂಕು ಹರಡಿತ್ತು. ಬಾಧೆಪಟ್ಟವರಲ್ಲಿ ಹೆಚ್ಚಿನವರು ಹತ್ತು ವರ್ಷದೊಳಗಿನ ಮಕ್ಕಳು. ಚಾಕೊಲೇಟಿನಲ್ಲಿ ನೀರಿನಂಶ ತೀರ ಕಡಿಮೆಯಾದ್ದರಿಂದ ಈ ಬ್ಯಾಕ್ಟೀರಿಯಾ ಅದರಲ್ಲಿ ಬೆಳೆಯುವುದಿಲ್ಲ, ಆದರೆ ತಿಂಗಳುಗಟ್ಟಲೆ ಸಾಯದೆ ಕುಳಿತಿರಬಲ್ಲದು. ಕೊಬ್ಬು ಅದನ್ನು ಹೊಟ್ಟೆಯ ಆಮ್ಲದಿಂದಲೂ ಕಾಪಾಡುತ್ತದೆ. ನೋಟ, ವಾಸನೆ, ರುಚಿಗಳಲ್ಲಿ ಏನೂ ತಿಳಿಯುವುದಿಲ್ಲ. ಆಗ ಉಳಿಯುವ ದಾರಿ ಒಂದೇ, ಸರಕನ್ನು ಹಿಂಪಡೆಯುವುದು. ಕಾರ್ಖಾನೆ ಬ್ಯಾಚ್ ನಂಬರುಗಳನ್ನು ಪ್ರಕಟಿಸುತ್ತದೆ, ಆಮದುದಾರ ತಾನು ಯಾವ ಊರಿನ ಯಾವ ಅಂಗಡಿಗೆ ಕೊಟ್ಟೆನೆಂಬ ಲೆಕ್ಕ ತೆಗೆದು ವಾಪಸು ತರಿಸುತ್ತಾನೆ. ನಿಮ್ಮ ಡಬ್ಬಿಯ ಹಾಗೆ ಯಾರದೋ ಸಾಮಾನಿನೊಳಗೆ ಬಂದು ಅಂಗಡಿಯ ಕಪಾಟು ಸೇರಿದ ಸರಕು ಯಾವ ಲೆಕ್ಕದಲ್ಲೂ ಇರುವುದಿಲ್ಲ. ದುಬೈನಲ್ಲಿ ಅದನ್ನು ಹಿಂಪಡೆದರೂ ಹುಬ್ಬಳ್ಳಿಗೆ ಸುದ್ದಿ ತಲುಪದು. ಸ್ವಂತ ಬಳಕೆಗೆಂದು ಪ್ರಯಾಣಿಕರು ತರುವ ತಿನಿಸಿಗೆ ಬಂದರಿನ ಈ ಆಹಾರ ತಪಾಸಣೆ ಇಲ್ಲ, ನಿಮ್ಮ ಬಂಧುಗಳು ತಂದುಕೊಟ್ಟರೆ ನೀವು ಧಾರಾಳವಾಗಿ ತಿನ್ನಬಹುದು. ಅದನ್ನು ಅಂಗಡಿಯಲ್ಲಿಟ್ಟು ಮಾರುವುದು ಬೇರೆಯೇ ಮಾತು.

ಹೊರಗಿನದೆಲ್ಲ ಕೆಟ್ಟದ್ದು ಎನ್ನುವವರಿಗೆ ನಾನು ಹಾವೇರಿ ಜಿಲ್ಲೆಯ ಕಡೆ ಕೈ ತೋರಿಸುತ್ತೇನೆ. ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಗೆ ಬೆಲೆ ಕಟ್ಟುವುದು ಖಾರಕ್ಕಿಂತ ಬಣ್ಣಕ್ಕೆ. ಬಣ್ಣಕ್ಕೆ ಹಣ ಇದ್ದಲ್ಲಿ ಬಣ್ಣ ಬೆರೆಸುವ ಆಸೆಯೂ ಹುಟ್ಟುತ್ತದೆ. 2003ರಲ್ಲಿ ಭಾರತದಿಂದ ಯುರೋಪಿಗೆ ಹೋದ ಮೆಣಸಿನ ಉತ್ಪನ್ನಗಳಲ್ಲಿ ಸೂಡಾನ್ 1 ಎಂಬ ಕೈಗಾರಿಕಾ ಬಣ್ಣ ಸಿಕ್ಕಿತು. ಆಹಾರದಲ್ಲಿ ಅದಕ್ಕೆ ಅಲ್ಲಿಯೂ ಅನುಮತಿಯಿಲ್ಲ, ಇಲ್ಲಿಯೂ ಇಲ್ಲ. ಪ್ರಮಾಣಪತ್ರವಿಲ್ಲದೆ ಮೆಣಸಿನಪುಡಿಯನ್ನು ಒಳಗೆ ಬಿಡುವುದಿಲ್ಲವೆಂದು ಯುರೋಪ್ ಆಗ ನಿಯಮ ಮಾಡಿತು. ಆದರೂ ಅದಕ್ಕೂ ಮೊದಲೇ ಒಳಹೊಕ್ಕಿದ್ದ ಪುಡಿಯಿಂದ ತಯಾರಾದ ಒಂದು ಸಾಸು ಎಲ್ಲೆಲ್ಲೂ ಬೆರೆತು, 2005ರ ಫೆಬ್ರವರಿಯಲ್ಲಿ ಬ್ರಿಟನ್ನಿನಲ್ಲಿ 400ಕ್ಕೂ ಹೆಚ್ಚು ಬಗೆಯ ತಿನಿಸುಗಳನ್ನು ಅಂಗಡಿಗಳಿಂದ ತೆಗೆಸಬೇಕಾಯಿತು. ಅಲ್ಲಿಯ ಗೃಹಿಣಿಯರಿಗೆ ನಮ್ಮ ಮೆಣಸಿನಪುಡಿಯೇ ಭಯದ ವಿದೇಶಿ ಮಾಲು. ಮೆಣಸಿನಕಾಯಿಯನ್ನು ತೇವದ ನೆಲದ ಮೇಲೆ ಒಣಗಿಸಿದರೆ ಬೂಷ್ಟು ಹಿಡಿದು ಅಫ್ಲಟಾಕ್ಸಿನ್ ಎಂಬ ವಿಷ ಉಂಟಾಗುತ್ತದೆ. ಅದಕ್ಕೆ ಯುರೋಪಿನ ಮಿತಿ ಕಿಲೋಗೆ 10 ಮೈಕ್ರೊಗ್ರಾಂ, ನಮ್ಮ ಮಿತಿ 30. ಇಲ್ಲಿ ನಿಮ್ಮ ಮಗಳ ಮಾತು ಸರಿ, ಒಪ್ಪಿಕೊಳ್ಳಲೇಬೇಕು. ಅಲ್ಲಿಗೆ ಸಲ್ಲದ ಚೀಲ ಇಲ್ಲಿ ಸಲ್ಲುತ್ತದೆ, ಮತ್ತು ಅದನ್ನು ತಿನ್ನುವವರು ನಾವು.

ವಾಟ್ಸ್ಯಾಪಿನ ಮೂರು ಸಂಗತಿಗಳನ್ನು ಬೇಗ ಮುಗಿಸುತ್ತೇನೆ. ಸೇಬನ್ನು ಚಾಕುವಿನಿಂದ ಕೆರೆದಾಗ ಉದುರುವ ಬಿಳಿ ಪುಡಿ ಮೇಣವೇ ಹೌದು. ಸೇಬಿಗೆ ಹುಟ್ಟಿನಿಂದಲೂ ತೆಳುವಾದ ಮೇಣವಿರುತ್ತದೆ, ತೊಳೆದಾಗ ಅದು ಹೋಗುವುದರಿಂದ ಮೇಲಿಂದ ಮತ್ತೆ ಹಚ್ಚುತ್ತಾರೆ. ಜೇನುಮೇಣ, ಕಾರ್ನೌಬಾ ಮೇಣ ಮತ್ತು ಅರಗಿನ ಲೇಪಕ್ಕೆ ನಮ್ಮಲ್ಲಿಯೂ ಅನುಮತಿಯಿದೆ. ಇವು ಜೀರ್ಣವಾಗದೆ ಹೊರಹೋಗುತ್ತವೆ. ಹಣ್ಣಿನ ಮೇಲಿನ ಸಣ್ಣ ಸ್ಟಿಕ್ಕರಿನ ನಾಲ್ಕಂಕಿಯ ಸಂಖ್ಯೆ ಅಂಗಡಿಯ ಬಿಲ್ಲಿಗಾಗಿ ಇರುವ ತಳಿಯ ಗುರುತು. ಅದು ಸುರಕ್ಷತೆಯ ಮುದ್ರೆಯಲ್ಲ. ನಳದ ನೀರಿನಲ್ಲಿ ತಿಕ್ಕಿ ತೊಳೆಯಿರಿ, ಮನಸ್ಸು ಒಪ್ಪದಿದ್ದರೆ ಸಿಪ್ಪೆ ತೆಗೆಯಿರಿ. ಚೀನಾದ ಬೆಳ್ಳುಳ್ಳಿಯನ್ನು 2014ರಿಂದ ನಿಷೇಧಿಸಿರುವುದು ನಿಜ, ಆದರೆ ಅದರೊಂದಿಗೆ ಬರುವ ಶಿಲೀಂಧ್ರ ನಮ್ಮ ಬೆಳೆಗೆ ತಗಲಬಾರದೆಂಬ ಸಸ್ಯ ಸಂರಕ್ಷಣೆಯ ಕಾರಣಕ್ಕೆ. ಹಾಗಾಗಿ ಗದಗ ಜಿಲ್ಲೆಯ ಬೆಳ್ಳುಳ್ಳಿ ಬೆಳೆಗಾರರು ತಿನ್ನುವವರಿಗಿಂತ ಹೆಚ್ಚು ಎಚ್ಚರದಿಂದಿರಬೇಕಾದ ವಿಷಯವದು. ಕೊರಿಯಾದ ಖಾರದ ನೂಡಲ್ಸಿನ ಮೂರು ಬಗೆಗಳನ್ನು ಡೆನ್ಮಾರ್ಕ್ 2024ರ ಜೂನಿನಲ್ಲಿ ಹಿಂಪಡೆದದ್ದು ಯಾವ ವಿಷಕ್ಕೂ ಅಲ್ಲ, ಖಾರ ಅತಿಯಾಯಿತೆಂಬ ಕಾರಣಕ್ಕೆ. ಮುಂದಿನ ತಿಂಗಳು ಎರಡು ಬಗೆಗಳನ್ನು ಮತ್ತೆ ಬಿಟ್ಟಿತು. ಸಣ್ಣ ಮಕ್ಕಳಿಗೆ ಕೊಡಬೇಡಿ ಎಂಬಷ್ಟು ಬುದ್ಧಿವಾದ ಅದರಲ್ಲಿದೆ.

ಇನ್ನು ನಿಮ್ಮ ಡಬ್ಬಿ. ಆಮದುದಾರನ ಹೆಸರಿಲ್ಲ, ಎಂಆರ್‌ಪಿ ಇಲ್ಲ, ಪರವಾನಗಿ ಸಂಖ್ಯೆ ಇಲ್ಲ ಎಂದಮೇಲೆ ಅದನ್ನು ಮಾರಿದ್ದೇ ತಪ್ಪು. ಒಳಗಿನ ಚಾಕೊಲೇಟ್ ಚೆನ್ನಾಗಿದ್ದರೂ ತಪ್ಪೇ. ಮಕ್ಕಳಿಗೆ ಕೊಡಬೇಡಿ, ಬಿಸಾಡಲೂಬೇಡಿ. ಡಬ್ಬಿಯ ಆರೂ ಬದಿಗಳ ಫೋಟೋ ತೆಗೆದು, ಬಿಲ್ಲಿನೊಂದಿಗೆ ಅಂಗಡಿಗೆ ಹೋಗಿ ಹಣ ವಾಪಸು ಕೇಳಿ. ಬಿಲ್ಲು ಕೊಟ್ಟಿರದಿದ್ದರೆ ಮೊಬೈಲಿನಲ್ಲಿ ಹಣ ಕಳಿಸಿದ ದಾಖಲೆಯೂ ನಡೆಯುತ್ತದೆ. ಅವರು ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಮತ್ತು ಧಾರವಾಡ ಜಿಲ್ಲೆಯ ಆಹಾರ ಸುರಕ್ಷತಾ ಅಂಕಿತಾಧಿಕಾರಿಗೆ ಫೋಟೋ ಸಹಿತ ಬರವಣಿಗೆಯಲ್ಲಿ ದೂರು ಕೊಡಿ. ಕಾಯ್ದೆಯ 40ನೇ ಕಲಮಿನ ಪ್ರಕಾರ ಗ್ರಾಹಕರೇ ಶುಲ್ಕ ಕೊಟ್ಟು ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು, ದೋಷ ಸಿದ್ಧವಾದರೆ ಶುಲ್ಕ ವಾಪಸು ಸಿಗುತ್ತದೆ. ಆದರೆ ಅಲ್ಲೊಂದು ಷರತ್ತಿದೆ: ಪರೀಕ್ಷೆ ಮಾಡಿಸುವ ಉದ್ದೇಶವನ್ನು ಕೊಳ್ಳುವಾಗಲೇ ಅಂಗಡಿಯವರಿಗೆ ತಿಳಿಸಿರಬೇಕು. ತಿಂಗಳ ಹಿಂದೆ ಕೊಂಡ ನಿಮ್ಮ ಡಬ್ಬಿಗೆ ಆ ದಾರಿ ಮುಚ್ಚಿದೆ. ಅದೇ ಅಂಗಡಿಯಲ್ಲಿ ಅಂಥ ಡಬ್ಬಿಗಳು ಇನ್ನೂ ಇದ್ದರೆ ಅಧಿಕಾರಿಗಳೇ ಮಾದರಿ ತೆಗೆಯಬಲ್ಲರು. ಆದ್ದರಿಂದ ದೂರನ್ನು ತಡಮಾಡದೆ ಕೊಡಿ.

ಡಬ್ಬಿ ತೆರೆದಾಗ ಚಾಕೊಲೇಟಿನ ಮೇಲೆ ಬೂದಿಬಣ್ಣದ ಪದರ ಕಂಡರೆ ಅದು ಬಹುಮಟ್ಟಿಗೆ ಬೂಷ್ಟಲ್ಲ. ಬಿಸಿಲಿನ ಗೋದಾಮಿನಲ್ಲಿ ಕರಗಿ ಮತ್ತೆ ಗಟ್ಟಿಯಾದಾಗ ಕೊಬ್ಬು ಮೇಲಕ್ಕೆ ಬಂದು ಹಾಗೆ ಕಾಣುತ್ತದೆ. ಸಾಗಣೆಯಲ್ಲಿ ತಂಪು ಕಾಯಲಿಲ್ಲ ಎಂಬುದಕ್ಕೆ ಅದೊಂದು ಸಾಕ್ಷಿ, ಅದರ ಫೋಟೋವನ್ನೂ ದೂರಿಗೆ ಸೇರಿಸಿ. ಮೊಮ್ಮಕ್ಕಳು ಈಗಾಗಲೇ ಒಂದೆರಡು ತಿಂದಿದ್ದರೆ ಗಾಬರಿಯಾಗಬೇಡಿ. ಸಾಲ್ಮೊನೆಲ್ಲಾದ ಜ್ವರ, ಭೇದಿ ಮತ್ತು ಹೊಟ್ಟೆನೋವು ಸಾಮಾನ್ಯವಾಗಿ 6ರಿಂದ 72 ಗಂಟೆಗಳೊಳಗೆ ಕಾಣಿಸಿಕೊಳ್ಳುತ್ತವೆ. ತಿಂದು ವಾರ ಕಳೆದು ಮಕ್ಕಳು ಆಡಿಕೊಂಡಿದ್ದರೆ ಆ ಚಿಂತೆ ಬಿಡಬಹುದು. ಈ ಎರಡು ಮೂರು ದಿನಗಳಲ್ಲಿ ತಿಂದಿದ್ದು ಜ್ವರದೊಂದಿಗೆ ಭೇದಿ ಶುರುವಾದರೆ ವೈದ್ಯರ ಬಳಿ ಹೋಗುವಾಗ ಡಬ್ಬಿಯನ್ನೂ ಜೊತೆಗೆ ಒಯ್ಯಿರಿ.